ಬೇರೆ ದೇಶದ ಶಾಲೆಯೊಂದಿಗೆ ಆನ್‌ಲೈನ್ ಒಡನಾಟ: ಮಕ್ಕಳಿಗೆ ನಿಜಕ್ಕೂ ಏನು ದಕ್ಕುತ್ತದೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಯಶವಂತಪುರ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ಶಿಕ್ಷಕಿಯೊಬ್ಬರು, ಅವರ ತರಗತಿಯ ಮಕ್ಕಳೂ ನಮ್ಮ ಮಕ್ಕಳೂ ಹದಿನೈದು ದಿನಕ್ಕೊಮ್ಮೆ ಆನ್‌ಲೈನ್‌ನಲ್ಲಿ ಸೇರಿ ಏನಾದರೂ ಒಂದು ಕೆಲಸವನ್ನು ಜೊತೆಯಾಗಿ ಮಾಡಬಹುದೇ ಎಂದು ಕೇಳಿದ್ದಾರೆ. ಸಮಯದ ತೊಂದರೆ ಅಷ್ಟಾಗಿ ಇಲ್ಲ. ನಮ್ಮ ಮಧ್ಯಾಹ್ನದ ಎರಡು ಗಂಟೆ ಅವರಿಗೆ ಬೆಳಗಿನ ಹತ್ತೂವರೆ. ಶಾಲೆಯಲ್ಲಿ ಒಂದು ಸ್ಮಾರ್ಟ್ ಬೋರ್ಡ್ ಇದೆ, ಇಂಟರ್ನೆಟ್ ಇದ್ದೂ ಇಲ್ಲದಂತಿದೆ.

ನಮ್ಮ ಮುಖ್ಯೋಪಾಧ್ಯಾಯರು ಬೇಡವೆಂದಿಲ್ಲ, ಆದರೆ ಅವರ ಪ್ರಶ್ನೆ ನೇರವಾಗಿದೆ: ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬರೆಯುವ ಮಕ್ಕಳ ಒಂದು ಪೀರಿಯಡ್ಡನ್ನು ಇದಕ್ಕೆ ಕೊಟ್ಟರೆ ಅವರಿಗೆ ಸಿಗುವುದೇನು? ನಮ್ಮದು ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡುವಷ್ಟರಲ್ಲಿ ಬೆವರುವ ಮಕ್ಕಳೇ ಹೆಚ್ಚು. ಇಂಥದ್ದನ್ನು ಮಾಡಿ ನೋಡಿದವರು ದಯವಿಟ್ಟು ಅನುಭವ ಹೇಳಬೇಕು. ಫೋಟೊ ತೆಗೆದು ಫಲಕಕ್ಕೆ ಅಂಟಿಸುವ ಕಾರ್ಯಕ್ರಮ ನನಗೆ ಬೇಡ.

ಉತ್ತರ: ಗಣಿತ ಶಿಕ್ಷಕ, ಬಸವನಗುಡಿ

ಮೇಡಂ, ನಾವು ಕಜಕಸ್ತಾನದ ಅಲ್ಮಾಟಿ ನಗರದ ಒಂದು ಶಾಲೆಯೊಂದಿಗೆ ಒಂದು ವರ್ಷ ಕೆಲಸ ಮಾಡಿದೆವು. ಮೊದಲ ಎರಡು ತಿಂಗಳು ಅಕ್ಷರಶಃ ವ್ಯರ್ಥವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. 'ನಿಮಗೆ ಇಷ್ಟವಾದ ತಿಂಡಿ ಯಾವುದು, ಇಷ್ಟವಾದ ಆಟ ಯಾವುದು' ಎಂದು ಎರಡೂ ಕಡೆಯವರು ಕೇಳಿಕೊಂಡರು. ಮೂರನೆಯ ಭೇಟಿಗೆ ಮಾತೇ ಮುಗಿದುಹೋಗಿತ್ತು.

ಆಮೇಲೆ ನಕ್ಷೆ ನೋಡುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಅಲ್ಮಾಟಿ 76.9ರಲ್ಲಿ. ಅಂದರೆ ಆ ನಗರ ಹೆಚ್ಚುಕಡಿಮೆ ನಮ್ಮ ನೆತ್ತಿಯ ನೇರಕ್ಕೆ ಉತ್ತರದಲ್ಲಿದೆ, ಇಬ್ಬರಿಗೂ ನಡುಹಗಲು ಒಂದೇ ಹೊತ್ತಿಗೆ ಬರುತ್ತದೆ. ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಎರಡು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯ ಮತ್ತು ಸೈಯೀನ್ ಊರುಗಳ ನೆರಳಿನ ವ್ಯತ್ಯಾಸದಿಂದ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ್ದನಲ್ಲ, ಅದನ್ನೇ ನಾವೂ ಮಾಡೋಣವೆಂದು ಹೊರಟೆವು. ಫೆಬ್ರವರಿ ನಡುವಿನಲ್ಲಿ, ಒಂದೇ ದಿನ, ಎರಡೂ ಅಂಗಳಗಳಲ್ಲಿ ಒಂದು ಮೀಟರ್ ಉದ್ದದ ಕೋಲು ನಿಲ್ಲಿಸಿದೆವು. ಕೋಲು ನೆಟ್ಟಗಿದೆಯೇ ಎಂದು ನೋಡಲು ಗಾರೆ ಮೇಸ್ತ್ರಿಯೊಬ್ಬರಿಂದ ಗುಂಡು ಕಟ್ಟಿದ ದಾರವನ್ನು ಕೇಳಿ ತಂದಿದ್ದೆವು. ಮಧ್ಯಾಹ್ನ ಹನ್ನೆರಡು ಗಂಟೆಯಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುತ್ತ ಹೋದರು. ಹನ್ನೆರಡೂವರೆಯ ಸುಮಾರಿಗೆ ನೆರಳು ಅತಿ ಗಿಡ್ಡವಾಯಿತು, 48 ಸೆಂಟಿಮೀಟರ್. ಅವರದು 139.

ನೆರಳುಗಳಿಂದ ಸಿಕ್ಕ ಸೂರ್ಯನ ಕೋನದ ವ್ಯತ್ಯಾಸವನ್ನೂ ನಕ್ಷೆಯಿಂದ ಎರಡು ಊರುಗಳ ದೂರವನ್ನೂ ಹಿಡಿದು ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ 42,000 ಕಿಲೋಮೀಟರ್ ದಾಟಿತು. ತಪ್ಪು ಯಾರದೆಂಬ ಚರ್ಚೆ ಒಂದು ವಾರ ನಡೆಯಿತು. ನಮ್ಮ ಹುಡುಗರು ತಮ್ಮ ಅಂಗಳದ ಮಟ್ಟವನ್ನು ನೀರು ಚೆಲ್ಲಿ ಪರೀಕ್ಷಿಸಿದರು, ಕೋಲನ್ನು ಮತ್ತೆ ಅಳೆದರು. ಕೊನೆಗೆ ಅಲ್ಲಿನ ಒಬ್ಬ ಹುಡುಗಿ ಕಂಡುಹಿಡಿದಳು: ಅವರ ಕೋಲಿನ ಬುಡ ಹಿಮದೊಳಗೆ ಇಳಿದಿತ್ತು, ಹಾಗಾಗಿ ಹಿಮದ ಮೇಲೆ ಉಳಿದ ಕೋಲು ಒಂದು ಮೀಟರಿಗಿಂತ ಗಿಡ್ಡವಾಗಿತ್ತು. ಹಿಮ ಗುಡಿಸಿ, ಎರಡೂ ಕಡೆ ಮತ್ತೊಮ್ಮೆ ಅಳೆದಾಗ ಸುತ್ತಳತೆ 40,150ಕ್ಕೆ ಬಂತು. ಧ್ರುವಗಳ ಮೂಲಕ ಅಳೆದ ನಿಜವಾದ ಸುತ್ತಳತೆ ಸುಮಾರು 40,008 ಕಿಲೋಮೀಟರ್. ನೆರಳಿನ ಉದ್ದವನ್ನು ಕೋಲಿನ ಉದ್ದದಿಂದ ಭಾಗಿಸಿ ಕೋನ ತಿಳಿಯುವ ಟ್ಯಾಂಜೆಂಟ್ ಅಂದರೆ ಏನೆಂದು ಆ ತರಗತಿಗೆ ನಾನು ಎರಡನೆಯ ಬಾರಿ ಹೇಳಬೇಕಾಗಲಿಲ್ಲ. (ಎರಡು ಊರುಗಳ ನಡುವಿನ ದೂರವನ್ನು ನಕ್ಷೆಯಿಂದ ತೆಗೆದುಕೊಂಡರೆ ಭೂಮಿಯ ಗಾತ್ರ ಮೊದಲೇ ಗೊತ್ತಿದ್ದಂತಾಗಲಿಲ್ಲವೇ ಸರ್, ಎಂದು ಹಿಂದಿನ ಬೆಂಚಿನ ಒಬ್ಬ ಕೇಳಿದ. ಹೌದೆಂದು ತಲೆಯಾಡಿಸುವುದರ ಹೊರತು ನನಗೆ ಬೇರೆ ದಾರಿಯಿರಲಿಲ್ಲ.)

ಇಂಗ್ಲಿಷಿನ ಭಯದ ಬಗ್ಗೆ ಹೇಳುವುದಾದರೆ, ಅವರ ಮನೆಮಾತು ಕಜಕ್, ಊರಿನ ವ್ಯವಹಾರಕ್ಕೆ ರಷ್ಯನ್, ಇಂಗ್ಲಿಷ್ ಅವರಿಗೂ ಮೂರನೆಯದು. ಆ ಕಡೆಯವರೂ ತಡವರಿಸುವುದನ್ನು ಕೇಳಿದ ಮೇಲೆ ನಮ್ಮವರ ನಾಲಿಗೆ ಸಡಿಲವಾಯಿತು. ವ್ಯಾಕರಣ ಸುಧಾರಿಸಿತೆಂದು ನಾನು ಹೇಳಲಾರೆ. ಆದರೆ ತಾವು ಹೇಳಿದ್ದು ಎದುರಿನವರಿಗೆ ತಲುಪದಿದ್ದರೆ ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳಲು ಕಲಿತರು.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ, ಮಲ್ಲೇಶ್ವರ

ಮೇಲಿನ ಗುರುಗಳ ಅನುಭವ ಓದಿ ಸಂತೋಷವಾಯಿತು, ಆದರೆ ಎಲ್ಲ ಒಡನಾಟವೂ ಹೀಗೆ ಸಮಸಮವಾಗಿ ನಡೆಯುವುದಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ನನ್ನ ಸೇವಾವಧಿಯಲ್ಲಿ ಯುರೋಪಿನ ಒಂದು ಶಾಲೆ ನಮ್ಮೊಂದಿಗೆ ಕೈಜೋಡಿಸಿತ್ತು. ಅಲ್ಲಿನ ಮಕ್ಕಳು ಕೇಳಿದ ಮೊದಲ ಪ್ರಶ್ನೆ, ನಿಮ್ಮಲ್ಲಿ ವಿದ್ಯುತ್ ಇದೆಯೇ ಎಂದು. ಆ ಪ್ರಶ್ನೆ ಬಂದದ್ದು ವಿಡಿಯೊ ಕರೆಯಲ್ಲೇ ಎಂಬುದು ಬೇರೆ ಮಾತು. ಮೂರು ತಿಂಗಳಾದ ಮೇಲೆ ಒಂದು ಪೆಟ್ಟಿಗೆ ಬಂತು. ಒಳಗೆ ಅರ್ಧ ಸವೆದ ಬಣ್ಣದ ಪೆನ್ಸಿಲ್‌ಗಳು. ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಅಂದಿನಿಂದ ನಮ್ಮ ಮಕ್ಕಳು ಆ ಪರದೆಯ ಮುಂದೆ ಕೈಕಟ್ಟಿ ಕೂರಲು ಶುರುಮಾಡಿದರು. ಒಬ್ಬರು ಕೊಡುವವರು, ಒಬ್ಬರು ಇಸಕೊಳ್ಳುವವರು ಎಂದಾದಮೇಲೆ ಜೊತೆಯಾಗಿ ಕಲಿಯುವ ಮಾತು ಎಲ್ಲಿಯದು?

ಆದ್ದರಿಂದ ತಂಗಿ, ಒಪ್ಪಿಕೊಳ್ಳುವ ಮುನ್ನ ಆ ಶಿಕ್ಷಕಿಯನ್ನು ಒಂದು ಮಾತು ಕೇಳಿ: ನಮ್ಮಿಂದ ನಿಮ್ಮ ಮಕ್ಕಳು ಏನು ಕಲಿಯಬೇಕೆಂದಿದ್ದೀರಿ? ಅದಕ್ಕೆ ಸ್ಪಷ್ಟವಾದ ಉತ್ತರ ಬಂದರೆ ಮುಂದುವರಿಯಿರಿ. ಕೇಪ್‌ಟೌನ್ ಎಂದರೆ ನನಗೆ ಥಟ್ಟನೆ ಹೊಳೆಯುವುದು ನೀರು. 2018ರಲ್ಲಿ ಆ ಊರಿನ ಜಲಾಶಯಗಳು ಬತ್ತಿ, ಫೆಬ್ರವರಿಯಿಂದ ಪ್ರತಿಯೊಬ್ಬರಿಗೂ ದಿನಕ್ಕೆ 50 ಲೀಟರ್ ಎಂಬ ಮಿತಿ ಹೇರಲಾಗಿತ್ತು; ನಲ್ಲಿಗಳನ್ನೇ ಬಂದ್ ಮಾಡುವ 'ಶೂನ್ಯ ದಿನ' ಬರುತ್ತದೆಂದು ಜನ ಎಣಿಸುತ್ತ ಕೂತಿದ್ದರು, ಅದು ಹೇಗೋ ತಪ್ಪಿತು. ನಮ್ಮ ಕಥೆಯೇನು ಕಡಿಮೆಯೇ? ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತೇವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗಾಗಿ ಕಾದದ್ದು ನಿಮ್ಮ ಮಕ್ಕಳಿಗೆ ನೆನಪಿರುತ್ತದೆ. ಇಲ್ಲಿ ಯಾರೂ ಯಾರಿಗೂ ಪೆನ್ಸಿಲ್ ಕಳಿಸಬೇಕಾಗಿಲ್ಲ.

ಉತ್ತರ: ಪೋಷಕಿ, ಎಸ್‌ಡಿಎಂಸಿ ಸದಸ್ಯೆ, ಕೆಂಗೇರಿ

ಎರಡು ಮಾತು ಮಾತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಅವರ ವಿವರಗಳನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದು, ಸಭೆ ಕರೆದು ಓದಿ ಹೇಳಿ. ಮಕ್ಕಳ ಸ್ವಂತ ಫೋನ್ ಸಂಖ್ಯೆಗಳು ಆ ಕಡೆಗೆ ಹೋಗಬಾರದು. ಎಲ್ಲವೂ ಶಿಕ್ಷಕರ ಖಾತೆಯ ಮೂಲಕವೇ ನಡೆಯಲಿ.

ಇಂಟರ್ನೆಟ್ ಸರಿಯಿಲ್ಲ ಎಂದಿದ್ದೀರಿ. ವಿಡಿಯೊ ಕರೆಯೇ ಆಗಬೇಕೆಂದೇನೂ ಇಲ್ಲವಲ್ಲ? ನ್ಯೂಯಾರ್ಕ್ ಮತ್ತು ಮಾಸ್ಕೋ ಶಾಲೆಗಳ ನಡುವೆ 1988ರಲ್ಲಿ ಆರಂಭವಾಗಿ ಮುಂದೆ ಐಅರ್ನ್ ಎಂಬ ದೊಡ್ಡ ಜಾಲವಾಗಿ ಬೆಳೆದ ಯೋಜನೆಯ ಕಾಲಕ್ಕೆ ಇಂದಿನ ವೇಗದ ಇಂಟರ್ನೆಟ್ ಎಲ್ಲಿತ್ತು? ಮಕ್ಕಳು ಬರೆದದ್ದನ್ನು, ಅಳೆದದ್ದನ್ನು ವಾರಕ್ಕೊಮ್ಮೆ ಕಳುಹಿಸಿ. ಯೋಚಿಸಿ ಬರೆಯಲು ಸಮಯ ಸಿಕ್ಕರೆ, ಮಾತಿಗೆ ಹೆದರುವ ಮಕ್ಕಳೂ ಒಳಗೆ ಬರುತ್ತಾರೆ.

ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಹಿರಿಯರು ಹೇಳಿಕೊಟ್ಟ ಪ್ರಶ್ನೆಯನ್ನು ಹಾಗೆಯೇ ಕೇಳಿದೆ. ಮಳೆಗಾಲದಲ್ಲಿ ಮಳೆ ಸುರಿಯುವ ಊರಿಗೂ ನೀರಿನ ಬರ ಹೇಗೆ ಬರುತ್ತದೆ ಎಂಬುದನ್ನು ತಮ್ಮ ಮಕ್ಕಳು ಬೆಂಗಳೂರಿನಿಂದ ತಿಳಿಯಬೇಕು ಎಂದು ಆ ಶಿಕ್ಷಕಿ ಉತ್ತರಿಸಿದ್ದಾರೆ. ಮುಖ್ಯೋಪಾಧ್ಯಾಯರು ಶನಿವಾರದ ಕೊನೆಯ ಪೀರಿಯಡ್ ಕೊಟ್ಟಿದ್ದಾರೆ. ಒಂದು ಪರೀಕ್ಷೆಯ ಅಂಕಪಟ್ಟಿ ನೋಡಿದ ಮೇಲೆ ಮುಂದಿನ ಮಾತು ಎಂಬ ಷರತ್ತೂ ಇದೆ. ಶನಿವಾರ ಅಲ್ಲಿ ಶಾಲೆಗೆ ರಜೆಯಾದ್ದರಿಂದ ಪತ್ರಗಳಲ್ಲೇ ನಡೆಸುತ್ತೇವೆ.

ಮೊದಲ ಕೆಲಸವಾಗಿ, ಮನೆಯಲ್ಲಿ ದಿನಕ್ಕೆ ಎಷ್ಟು ನೀರು ಬಳಸುತ್ತೀರಿ ಎಂದು ಅಳೆದು ತರಲು ಹೇಳಿದೆ. ಮೀಟರ್ ಇರುವ ಮನೆಗಳು ನಾಲ್ಕೇ; ಉಳಿದವರೆಲ್ಲ ಬಿಂದಿಗೆಯ ಲೆಕ್ಕ ತಂದರು. ಒಬ್ಬಳು ಮನೆಯ ಪ್ಲಾಸ್ಟಿಕ್ ಬಿಂದಿಗೆಯನ್ನೇ ಶಾಲೆಗೆ ಹೊತ್ತು ತಂದಳು. ಒಂದು ಲೀಟರ್ ಬಾಟಲಿಯಿಂದ ತುಂಬಿಸಿ ನೋಡಿದರೆ ಹದಿನಾಲ್ಕು ಲೀಟರ್ ಹಿಡಿಸಿತು. ಹಾಗಾದರೆ ಕೇಪ್‌ಟೌನಿನ 50 ಲೀಟರ್ ಎಂದರೆ ಮೂರೂವರೆ ಬಿಂದಿಗೆ ಎಂದು ತರಗತಿ ಲೆಕ್ಕ ಹಾಕಿತು. ಮೊದಲ ಪತ್ರದಲ್ಲಿ ಅವಳು ಬರೆದಿರುವ ಪ್ರಶ್ನೆ ಇದು: ಮೂರೂವರೆ ಬಿಂದಿಗೆಯಲ್ಲಿ, ತಲೆಗೆ ನೀರು ಹಾಕಿಕೊಳ್ಳುವ ದಿನ ನೀವು ಏನು ಮಾಡುತ್ತಿದ್ದಿರಿ?