ಬಿಪಿ ಏರಿಳಿತಕ್ಕೂ ಡಿಮೆನ್ಷಿಯಾಗೂ (ಮರೆವಿನ ಕಾಯಿಲೆ) ನಂಟಿದೆಯಾ?

ಪ್ರಶ್ನೆ: 70 ದಾಟಿದವರಿಗೆ ಬೆಳಿಗ್ಗೆ ಬಿಪಿ ಒಂದಿನ 128, ಮರುದಿನ 156. ಸರಾಸರಿ ಪರವಾಗಿಲ್ಲ ಅಂತ ಬಿಟ್ಟುಬಿಡಬಹುದಾ?

ಉತ್ತರ 1: ಬಿಟ್ಟುಬಿಡಬೇಡಿ. ಜಪಾನಿನ ಹಿಸಾಯಾಮಾದಲ್ಲಿ 60 ದಾಟಿದ 1,674 ಜನರ ಮನೆ ಬಿಪಿ ಲೆಕ್ಕ ಹಿಡಿದು 5 ವರ್ಷ ಗಮನಿಸಿದ್ದರು. ದಿನದಿಂದ ದಿನಕ್ಕೆ ಏರಿಳಿತ ಅತಿ ಹೆಚ್ಚಿದ್ದ ಗುಂಪಿಗೆ ಡಿಮೆನ್ಷಿಯಾ ಅಪಾಯ, ಅತಿ ಕಡಿಮೆಯಿದ್ದವರ ಎರಡು ಪಟ್ಟಿಗೂ ಮೀರಿತ್ತು. ನಂಟು ಅಷ್ಟೇ; ಅದೇ ಕಾರಣ ಅಂತ ಸಾಬೀತಾಗಿಲ್ಲ.

ಉತ್ತರ 2: ಮೊದಲು ಅಳತೆ ಸರಿಯಿದೆಯಾ ನೋಡಿ. ಮೂತ್ರಕ್ಕೆ ಹೋಗಿಬಂದು, ಕಾಫಿ-ಮಾತ್ರೆಗೆ ಮುಂಚೆ, ಬೆನ್ನು ಒರಗಿಸಿ 5 ನಿಮಿಷ ಸುಮ್ಮನೆ ಕೂರಬೇಕು. ಬಿಪಿ ಮಷಿನ್ ಪಟ್ಟಿ ಬರಿ ತೋಳಿಗೆ, ಎದೆಮಟ್ಟಕ್ಕೆ. ಕೈ ಜೋತುಬಿದ್ದರೆ ಸುಳ್ಳೇ ಜಾಸ್ತಿ ತೋರಿಸುತ್ತೆ. 1 ನಿಮಿಷ ಬಿಟ್ಟು ಎರಡನೇ ಸಲ.

ಉತ್ತರ 3: ಮಾತ್ರೆ ತಪ್ಪಿದ ದಿನ, ನೋವಿನ ಮಾತ್ರೆ ನುಂಗಿದ ದಿನ ಗುರುತು ಹಾಕಿ. ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ಹೇಳಿ. ಡೋಸ್ ನೀವೇ ಬದಲಿಸಬೇಡಿ.