ಸ್ನೇಕ್ ಪ್ಲಾಂಟ್ ಮರಿ ಹಾಕ್ತಾನೇ ಇಲ್ಲ, ಏನ್ ಮಾಡ್ಲಿ?

ಪ್ರಶ್ನೆ (ತುಮಕೂರು):
ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ತಂದು ಟಿವಿ ಪಕ್ಕ ಮೂಲೇಲಿ ಇಟ್ಟು 2 ವರ್ಷ ಆಯ್ತು, ಎಲೆ ಏನೋ ಚೆನ್ನಾಗೇ ಇದೆ ಆದ್ರೆ ಒಂದೇ ಒಂದು ಮರಿ ಬಂದಿಲ್ಲ. ಬೇಗ ಬರ್ಲಿ ಅಂತ ದೊಡ್ಡ ಪಾಟ್‌ಗೆ ಹಾಕ್ದೆ, ದಿನಾ ನೀರೂ ಹಾಕ್ತೀನಿ. ಎಲೆ ಕಟ್ ಮಾಡಿ ನೆಡ್ಲಾ?

ಉತ್ತರ 1:
ದಿನಾ ನೀರಾ! ಮೊದ್ಲು ಅದನ್ನ ನಿಲ್ಸಿ ಸಾರ್, ಕೊಳ್ತೋಗುತ್ತೆ. ಬಾಳೆ ಕಂದು ಬರುತ್ತಲ್ಲ ಹಂಗೆ ಇದ್ರ ಮರಿನೂ ಮಣ್ಣೊಳಗಿನ ಗೆಡ್ಡೆಯಿಂದ್ಲೇ ಬರೋದು, ಪಾಟ್ ಸ್ವಲ್ಪ ಇಕ್ಕಟ್ಟಾಗಿದ್ರೇನೇ ಒಳ್ಳೇದು, ಮೂಲೆ ಬಿಟ್ಟು ಬೆಳಕು ಚೆನ್ನಾಗಿ ಬರೋ ಕಿಟಕಿ ಹತ್ರ ಇಡಿ, ಮಣ್ಣು ಪೂರ್ತಿ ಒಣಗಿದ್ಮೇಲೆ ನೀರು. ಬೇಸಿಗೇಲಿ ಚುರುಕಾಗಿ ಬೆಳೆಯುತ್ತೆ, ಚಳೀಲಿ ಸುಮ್ನೆ ಕೂತಿರುತ್ತೆ.

ಉತ್ತರ 2 (ಕೋಲಾರ):
ಎಲೆ ನೆಟ್ರೂ ಮರಿ ಬರುತ್ತೆ, ತಿಂಗಳುಗಟ್ಟಲೆ ಕಾಯ್ಬೇಕು, ಆದ್ರೆ ಹಳದಿ ಅಂಚು ಹೋಗಿ ಬರೀ ಹಸ್ರು ಬರುತ್ತೆ, ನಂಗೆ ಹಂಗೇ ಆಗಿ ಬೇಜಾರಾಯ್ತು. ಅಂಚು ಬೇಕಂದ್ರೆ ಗೆಡ್ಡೆ ಸಮೇತ ಬೇರೆ ಮಾಡಿ. ನಮ್ ಕಡೆ ಕೆಂಪು ಮಣ್ಣು ಒಂದನ್ನೇ ತುಂಬ್ಬೇಡಿ, ದಪ್ಪ ಮರಳು ಸೇರ್ಸಿ. ಬೆಕ್ಕು ಗಿಕ್ಕು ಇದ್ರೆ ಎತ್ತರದಲ್ಲಿಡಿ, ತಿಂದ್ರೆ ವಾಂತಿ ಮಾಡ್ಕೊಳುತ್ತೆ.

ಪ್ರಶ್ನೆ ಕೇಳಿದವ್ರು:
ಅಯ್ಯೋ, ನಾಳೇನೇ ಹಳೇ ಪಾಟ್‌ಗೆ ವಾಪಸ್!