ಹೊಸ ಟ್ಯಾರೋ ಕಾರ್ಡುಗಳಿಗೆ ಸವೆದ ರೂಪ ಬರುತ್ತಿಲ್ಲ: ಚಹಾ ಹಿಡಿಯುವುದಿಲ್ಲ, ಅಂಚು ಮಾತ್ರ ಉಬ್ಬುತ್ತದೆ

ಪ್ರಶ್ನೆ

ನಾಟಕವೊಂದರ ರಂಗಪರಿಕರವಾಗಿ 78 ಎಲೆಗಳ ಟ್ಯಾರೋ ಕಟ್ಟೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಥೆಯಲ್ಲಿ ಭವಿಷ್ಯ ಹೇಳುವ ಮುದುಕಿ ಮೂವತ್ತು ವರ್ಷಗಳಿಂದ ಇದೇ ಕಟ್ಟನ್ನು ಬಳಸುತ್ತ ಬಂದಿದ್ದಾಳೆ. ಆದ್ದರಿಂದ ಎಲೆಗಳು ಕೈಯಾಡಿ ಸವೆದಂತೆ ಕಾಣಬೇಕು. ಜೊತೆಗೆ ನಟಿ ಅವನ್ನು ವೇದಿಕೆಯ ಮೇಲೆ ನಿಜವಾಗಿಯೇ ಕಲಸಿ ಹರಡುವುದರಿಂದ ಗಟ್ಟಿಯಾಗಿಯೂ ಉಳಿಯಬೇಕು. ಪಮೇಲಾ ಕೋಲ್ಮನ್ ಸ್ಮಿತ್ ಅವರು ಚಿತ್ರಿಸಿದ, 1909ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರಕಟವಾದ ವಿನ್ಯಾಸದ ಹೊಸ ಮುದ್ರಣ ನಮ್ಮಲ್ಲಿದೆ. ಎಲೆಗಳ ಎರಡೂ ಮುಖಗಳು ಹೊಳಪಾಗಿವೆ.

ಗಟ್ಟಿಯಾದ ಚಹಾ ಡಿಕಾಕ್ಷನ್ನನ್ನು ಬ್ರಷ್ಷಿನಿಂದ ಹಚ್ಚಿದರೆ ಅದು ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಗಟ್ಟಿ ಜಾರುತ್ತದೆ. ಎಲೆಯನ್ನು ಅದರಲ್ಲೇ ನೆನೆಸಿಟ್ಟಾಗ ಮುಖಕ್ಕೆ ಬಣ್ಣವೇರಲಿಲ್ಲ, ಆದರೆ ಅಂಚುಗಳು ನೀರು ಕುಡಿದು ಉಬ್ಬಿದವು, ಒಂದು ಮೂಲೆಯಲ್ಲಿ ಪದರಗಳು ಬಿಟ್ಟುಕೊಂಡವು, ಒಣಗಿದ ಮೇಲೆ ಎಲೆ ದೋಣಿಯಾಕಾರಕ್ಕೆ ಬಾಗಿತು. ಬಿಸಿಲಿಗೆ ಇಟ್ಟ ಎಲೆಗಳು ಹಳದಿಗಟ್ಟುವ ಬದಲು ನೀಲಿ ಛಾಯೆಗೆ ತಿರುಗುತ್ತಿವೆ. ಮರಳು ಕಾಗದದಿಂದ ಉಜ್ಜಿದರೆ ಬಿಳಿ ಗೀರುಗಳು ಎದ್ದು ಕಾಣುತ್ತವೆ. ಸರಿಯಾದ ಕ್ರಮ ಯಾವುದು?

ಉತ್ತರ

ನೀವು ಬರೆದಿರುವ ಲಕ್ಷಣಗಳೆಲ್ಲ ಮೇಲ್ಮೈಗೆ ಲೇಪನವಿದೆ ಎಂಬುದನ್ನೇ ಹೇಳುತ್ತವೆ. ಚಹಾದ ಬಣ್ಣ ಕಾಗದದ ನಾರಿಗೆ ಇಳಿದರೆ ಮಾತ್ರ ನಿಲ್ಲುತ್ತದೆ. ನಿಮ್ಮ ಎಲೆಯಲ್ಲಿ ನಾರು ತೆರೆದುಕೊಂಡಿರುವುದು ಯಂತ್ರ ಕತ್ತರಿಸಿದ ಅಂಚಿನಲ್ಲಿ ಮಾತ್ರ. ಹಾಗಾಗಿ ನೀರು ಅಲ್ಲಿಂದಲೇ ಒಳನುಗ್ಗಿ ನಾರನ್ನು ಉಬ್ಬಿಸಿದೆ. ಇನ್ನು ಮುಂದೆ ನೀರನ್ನು ದೂರವಿಟ್ಟು, ಒಣ ವಿಧಾನಗಳಲ್ಲೇ ಕೆಲಸ ಮಾಡಿರಿ.

ಮೊದಲು ಲೇಪನ ಯಾವುದೆಂದು ತಿಳಿಯಬೇಕು. ಹಲವು ಕಟ್ಟುಗಳಲ್ಲಿ 78 ಎಲೆಗಳ ಜೊತೆಗೆ ಪ್ರಕಾಶಕರ ಮಾಹಿತಿಯಿರುವ ಒಂದೆರಡು ಹೆಚ್ಚುವರಿ ಎಲೆಗಳಿರುತ್ತವೆ. ಅಂಥದೊಂದನ್ನು ನಿಧಾನವಾಗಿ ಹರಿದು ನೋಡಿರಿ. ಹರಿದ ಕಡೆ ತೆಳುವಾದ ಪೊರೆ ಹಿಗ್ಗಿ ಸುಲಿದು ಬಂದರೆ ಅದು ಪ್ಲಾಸ್ಟಿಕ್ ಲ್ಯಾಮಿನೇಷನ್. ಪೊರೆಯಿಲ್ಲದೆ ಕಾಗದವಷ್ಟೇ ಹರಿದು, ಆದರೂ ನೀರಿನ ಹನಿ ಮೇಲೆಯೇ ನಿಲ್ಲುತ್ತಿದ್ದರೆ ಅದು ವಾರ್ನಿಷ್. ವಾರ್ನಿಷ್ಷನ್ನು ಉಜ್ಜಿ ಮಂಕುಮಾಡಬಹುದು, ಆಮೇಲೆ ಅದು ಸ್ವಲ್ಪ ಬಣ್ಣ ಹಿಡಿಯುತ್ತದೆ. ಪ್ಲಾಸ್ಟಿಕ್ ಪೊರೆಯಿದ್ದರೆ ಮುಖಕ್ಕೆ ಬಣ್ಣವೇರಿಸುವ ಆಸೆಯನ್ನು ಬಿಟ್ಟು ಅಂಚು, ಮೂಲೆ, ಮಡಿಕೆ, ಗೀರು ಇಷ್ಟರಲ್ಲೇ ಪರಿಣಾಮ ತರಬೇಕು. ಪೊರೆಯನ್ನು ಅಸಿಟೋನಿನಿಂದ ಕರಗಿಸಲು ಹೋಗಬೇಡಿರಿ. ಅದು ಮುದ್ರಣವನ್ನೇ ಕದಡಿಬಿಡುವ ಸಾಧ್ಯತೆ ಹೆಚ್ಚು.

ಬಿಸಿಲಿನಲ್ಲಿ ನೀಲಿಯಾದದ್ದಕ್ಕೆ ಕಾರಣವಿದೆ. ನಾಲ್ಕು ಬಣ್ಣಗಳ ಮುದ್ರಣದಲ್ಲಿ ಸಾಮಾನ್ಯವಾಗಿ ಹಳದಿ ಮತ್ತು ಮಜೆಂಟಾ ಶಾಯಿಗಳು ಬೇಗ ಮಾಸುತ್ತವೆ, ಸಯಾನ್ (ಹಸಿರು ಬೆರೆತ ತಿಳಿನೀಲಿ) ಮತ್ತು ಕಪ್ಪು ಉಳಿದುಕೊಳ್ಳುತ್ತವೆ. ಅದು ಬಿಸಿಲು ಬಿದ್ದ ಭಿತ್ತಿಪತ್ರದ ಬಣ್ಣವೇ ಹೊರತು ಹಳೆಯ ಕಾಗದದ ಬಣ್ಣವಲ್ಲ. ಉಳಿದ ಎಲೆಗಳನ್ನು ಬಿಸಿಲಿನಿಂದ ತೆಗೆದುಬಿಡಿರಿ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಹಳೆಯದಾಗುವುದು ಬೇರೆ, ಸವೆಯುವುದು ಬೇರೆ. ನಿಮಗೆ ಬೇಕಿರುವುದು ಎರಡನೆಯದು. 15ನೆಯ ಶತಮಾನದಲ್ಲಿ ಮಿಲಾನಿನ ಅರಸು ಮನೆತನಕ್ಕಾಗಿ ಕೈಯಿಂದ ಬರೆದ ವಿಸ್ಕೊಂಟಿ–ಸ್ಫೋರ್ಜಾ ಕಟ್ಟಿನ 74 ಎಲೆಗಳು ಇಂದಿಗೂ ಉಳಿದಿವೆ. ಅವುಗಳ ಮೇಲಂಚಿನ ಬಳಿ ಮೊಳೆ ಚುಚ್ಚಿದ ತೂತುಗಳಿವೆ, ಚಿನ್ನದ ಹಾಳೆ ಅಲ್ಲಲ್ಲಿ ಎದ್ದಿದೆ, ಆದರೂ ಬಹಳಷ್ಟು ಚಿತ್ರಗಳ ಬಣ್ಣ ಇನ್ನೂ ಉಜ್ವಲವಾಗಿದೆ. ದಿನವೂ ಕಲಸುವ ಕಟ್ಟು ಅದಕ್ಕಿಂತ ಎಷ್ಟೋ ಹೊಸದಾಗಿದ್ದರೂ ಎಷ್ಟೋ ಹೆಚ್ಚು ಜೀರ್ಣವಾಗಿ ಕಾಣುತ್ತದೆ. ಆದ್ದರಿಂದ ಎಲೆಯನ್ನು ಏಕರೂಪವಾಗಿ ಕಂದು ಮಾಡುವುದರ ಬದಲು, ಕೈ ಎಲ್ಲೆಲ್ಲಿ ತಾಗುತ್ತದೆ ಎಂಬುದನ್ನು ಗಮನಿಸಿರಿ. ಕಲಸುವಾಗ ಹೆಬ್ಬೆರಳು ಒತ್ತುವ ಉದ್ದನೆಯ ಅಂಚು, ಎಲೆ ತಿರುಗಿಸುವಾಗ ಹಿಡಿಯುವ ಮೂಲೆಗಳು, ಅಂಗೈಗೆ ಒರಗುವ ಹಿಂಬದಿ, ಇವೇ ಮೊದಲು ಕೆಡುವ ಜಾಗಗಳು. ಚಿತ್ರದ ನಡುಭಾಗ ಕೊನೆಯವರೆಗೂ ಹೆಚ್ಚುಕಡಿಮೆ ಸ್ವಚ್ಛವಾಗಿಯೇ ಇರುತ್ತದೆ. ನಡುಭಾಗಕ್ಕೂ ಕಲೆ ಹಾಕಿದ ಕೂಡಲೇ ಕೃತಕತೆ ಬಯಲಾಗುತ್ತದೆ.

ಕೆಲಸಕ್ಕೆ ಇಳಿಯುವಾಗ ಹತ್ತು ಹದಿನೈದು ಎಲೆಗಳನ್ನು ಸಮವಾಗಿ ಜೋಡಿಸಿ, ಎರಡು ಹಲಗೆಗಳ ನಡುವೆ ಬಿಗಿದು, 220 ಸಂಖ್ಯೆಯ ಮರಳು ಕಾಗದದಿಂದ ಅಂಚನ್ನು ಹಗುರವಾಗಿ ಸವೆಸಿರಿ. ಕತ್ತರಿಸಿದ ಅಂಚಿನ ಚೂಪು ಹೋದರೆ ಸಾಕು. ಬಳಿಕ ಬಿಗಿ ಬಿಚ್ಚಿ, ಪ್ರತಿ ಎಲೆಯನ್ನೂ ಕೈಗೆತ್ತಿಕೊಂಡು ಮೂಲೆಗಳನ್ನು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಬಾಗಿಸಿ ಮೆದುಗೊಳಿಸಿರಿ. ಈ ಹಂತಕ್ಕೆ ಹೆಚ್ಚು ಸಮಯ ಬೇಕು, ಆದರೆ ಇದನ್ನು ಬಿಡುವಂತಿಲ್ಲ: ಒಟ್ಟಿಗೆ ಸವೆಸಿದ ಎಲೆಗಳಲ್ಲಿ ಗುರುತುಗಳು ಒಂದೇ ಜಾಗದಲ್ಲಿ ಬೀಳುತ್ತವೆ, ನಿಜವಾಗಿ ಸವೆದ ಕಟ್ಟಿನಲ್ಲಿ ಯಾವ ಎರಡು ಎಲೆಗಳೂ ಒಂದೇ ತೆರನಾಗಿರುವುದಿಲ್ಲ. ಮುಖದ ಹೊಳಪನ್ನು ತಗ್ಗಿಸಲು 600 ಸಂಖ್ಯೆಯ ಕಾಗದವನ್ನು ಒತ್ತಡವಿಲ್ಲದೆ ಸುತ್ತುಸುತ್ತಾಗಿ ಆಡಿಸಿರಿ. ನಿಮಗೆ ಬಿಳಿ ಗೀರು ಬಂದದ್ದು ಕಾಗದ ಒರಟಾಗಿದ್ದರಿಂದ ಅಥವಾ ಒತ್ತಡ ಹೆಚ್ಚಾದುದರಿಂದ ಇರಬೇಕು. ಆ ಗೀರುಗಳು ಮುಂದಿನ ಹಂತದಲ್ಲಿ ಉಪಯೋಗಕ್ಕೇ ಬರುತ್ತವೆ.

ಮತ್ತೊಬ್ಬರ ಉತ್ತರ: ಬಣ್ಣದ ಬಗ್ಗೆ

ಚಹಾದ ಬಣ್ಣ ಕೆಂಪು ಬೆರೆತ ಕಂದು. ಕೈಯ ಎಣ್ಣೆಯೂ ಧೂಳೂ ಸೇರಿ ಆಗುವ ಕೊಳೆ ಬೂದುಮಿಶ್ರಿತ ಕಂದು. ಚಿತ್ರಕಾರರು ಬಳಸುವ ರಾ ಅಂಬರ್ ಪುಡಿಗೆ ಚಿಟಿಕೆಯಷ್ಟು ಕಪ್ಪು ಸೇರಿಸಿದರೆ ಆ ಛಾಯೆ ಸಿಗುತ್ತದೆ. ಅಂಬರಿನಲ್ಲಿ ಮ್ಯಾಂಗನೀಸ್ ಆಕ್ಸೈಡ್ ಇರುವುದರಿಂದ ಪುಡಿ ಉಸಿರಿಗೆ ಹೋಗದಂತೆ ಮಾಸ್ಕ್ ಧರಿಸಲೇಬೇಕು.

ಮೆತ್ತನೆಯ ಬಟ್ಟೆಯಲ್ಲಿ ಅತ್ಯಲ್ಪ ಪುಡಿ ತೆಗೆದುಕೊಂಡು, ಹೊರ ಅಂಚಿನಿಂದ ಒಳಕ್ಕೆ ತಿಕ್ಕಿ, ಇನ್ನೊಂದು ಸ್ವಚ್ಛ ಬಟ್ಟೆಯಿಂದ ತಕ್ಷಣ ಒರಸಿಬಿಡಿರಿ. ಲೇಪನ ಉಳಿದಿರುವ ಕಡೆ ಪುಡಿ ನಿಲ್ಲದೆ ಹೊರಟುಹೋಗುತ್ತದೆ. ಗೀರಿನಲ್ಲಿ, ಮಡಿಕೆಯಲ್ಲಿ, ನಾರು ತೆರೆದ ಮೂಲೆಯಲ್ಲಿ ಮಾತ್ರ ಉಳಿಯುತ್ತದೆ. ನಿಮ್ಮ ಬಿಳಿ ಗೀರುಗಳು ಹೀಗೆ ಕೂದಲೆಳೆಯಂತಹ ಕಂದು ಗೆರೆಗಳಾಗುವುದನ್ನು ನೋಡಿದರೆ ಈ ವಿಧಾನದ ಮೇಲೆ ನಂಬಿಕೆ ಬರುತ್ತದೆ. ಹಿಂಬದಿಗೆ ಮುಖಕ್ಕಿಂತ ಹೆಚ್ಚು ಬಣ್ಣವಿರಲಿ. ಕಟ್ಟನ್ನು ಒಟ್ಟಾಗಿ ಹಿಡಿದಾಗ ಪಕ್ಕದಿಂದ ಕಾಣುವ ಬಿಳಿ ಗೋಡೆಯನ್ನು ಮಾತ್ರ ಸ್ಪಂಜಿನಲ್ಲಿ ಸ್ಟ್ಯಾಂಪ್ ಪ್ಯಾಡಿನ ಶಾಯಿ ತೆಗೆದುಕೊಂಡು, ಸ್ಪಂಜು ಬಹುಪಾಲು ಒಣಗಿದ ಮೇಲೆ ತಟ್ಟಿ ಮಂಕುಮಾಡಿರಿ. ಪ್ರೇಕ್ಷಕರಿಗೆ ದೂರದಿಂದ ಕಾಣುವುದು ಈ ಪಕ್ಕವೂ ಹಿಂಬದಿಯೂ ಮಾತ್ರ.

ಚಹಾದ ಬಣ್ಣವೇ ಬೇಕೆಂದಿದ್ದರೆ ಲೇಪನವಿಲ್ಲದ ದಪ್ಪ ಕಾಗದದ ಮೇಲೆ ನೀವೇ ಮುದ್ರಿಸಿಕೊಳ್ಳಬೇಕಾಗುತ್ತದೆ. ಲೇಸರ್ ಮುದ್ರಣ ಅಥವಾ ಪಿಗ್ಮೆಂಟ್ ಶಾಯಿ ನೀರಿಗೆ ತಡೆಯುತ್ತದೆ, ಡೈ ಶಾಯಿಯ ಇಂಕ್‌ಜೆಟ್ ಮುದ್ರಣ ಹರಡಿಹೋಗುತ್ತದೆ. ಸ್ಮಿತ್ ಅವರು 1951ರಲ್ಲಿ ತೀರಿಕೊಂಡರು. ಹಾಗಾಗಿ ಕರ್ತೃವಿನ ಮರಣಾನಂತರ 70 ವರ್ಷಗಳ ಹಕ್ಕುಸ್ವಾಮ್ಯವಿರುವ ದೇಶಗಳಲ್ಲಿ ಮೂಲ ಚಿತ್ರಗಳು 2022ರಿಂದ ಮುಕ್ತವಾಗಿವೆ. ಆದರೆ ಹೊಸದಾಗಿ ಬಣ್ಣ ಹಾಕಿದ ಆವೃತ್ತಿಗಳಿಗೆ ಬೇರೆ ಹಕ್ಕುಗಳಿರಬಹುದು.

ಪ್ರಶ್ನೆ ಕೇಳಿದವರು

ಹರಿದು ನೋಡಿದೆ, ಪೊರೆಯಿಲ್ಲ. ವಾರ್ನಿಷ್ ಎಂದೇ ತೋರುತ್ತದೆ. ಅಂಬರ್ ಪುಡಿಯಿಂದ ಮೂಲೆಗಳು ಬಹಳ ಸಹಜವಾಗಿ ಬಂದಿವೆ, ಇಬ್ಬರಿಗೂ ಕೃತಜ್ಞತೆಗಳು. ಎರಡು ತೊಂದರೆಗಳು ಉಳಿದಿವೆ. ನಟಿ ಕಲಸುತ್ತಿದ್ದಂತೆ ಬೆರಳುಗಳಿಗೆ ಬಣ್ಣ ಮೆತ್ತಿಕೊಳ್ಳುತ್ತದೆ. ಉಜ್ಜಿದ ಎಲೆಗಳು ಒಂದರ ಮೇಲೊಂದು ಜಾರದೆ ತಡೆಯುತ್ತವೆ. ಚಹಾದಲ್ಲಿ ನೆನೆದು ಬಾಗಿದ ಎಲೆಗಳನ್ನು ಉಳಿಸಿಕೊಳ್ಳಬಹುದೇ?

ಉತ್ತರ

ಪುಡಿಗೆ ಅಂಟಿನ ಗುಣವಿಲ್ಲ, ಆದ್ದರಿಂದ ಅದನ್ನು ಕಟ್ಟಿಹಾಕಲೇಬೇಕು. ಮೆತ್ತನೆಯ ಬ್ರಷ್ಷಿನಿಂದ ಸಡಿಲ ಪುಡಿಯನ್ನೆಲ್ಲ ತೆಗೆದು, ಹೊಳಪಿಲ್ಲದ ಸ್ಪ್ರೇ ವಾರ್ನಿಷ್ಷನ್ನು ಸುಮಾರು 30 ಸೆಂಟಿಮೀಟರ್ ದೂರದಿಂದ ತೀರ ತೆಳುವಾಗಿ ಸಿಂಪಡಿಸಿರಿ. ಒಂದು ಬದಿ ಒಣಗಿದ ಮೇಲೆ ಇನ್ನೊಂದು ಬದಿಗೂ ಅಷ್ಟೇ ಹಾಕಬೇಕು, ಇಲ್ಲವಾದರೆ ಎಲೆ ಬಾಗಬಹುದು. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಎರಡು ಮೇಲು. ಪೂರ್ತಿ ಒಣಗುವ ಮೊದಲು ಜೋಡಿಸಿಟ್ಟರೆ ಎಲೆಗಳು ಅಂಟಿಕೊಂಡು, ಬಿಡಿಸುವಾಗ ಚಿತ್ರ ಕಿತ್ತು ಬರುತ್ತದೆ. ಡಬ್ಬಿಯ ಮೇಲೆ ಬರೆದಿರುವ ಅವಧಿಗಿಂತ ಒಂದು ದಿನ ಹೆಚ್ಚೇ ಬಿಡುವುದು ಒಳ್ಳೆಯದು.

ಜಾರಿಕೆಗೆ ಜಾದೂಗಾರರು ಬಳಸುವ ಫ್ಯಾನಿಂಗ್ ಪೌಡರ್, ಅಂದರೆ ಜಿಂಕ್ ಸ್ಟಿಯರೇಟ್, ತಕ್ಕ ವಸ್ತು. ಮುಚ್ಚಳವಿರುವ ಡಬ್ಬಿಯಲ್ಲಿ ಎಲೆಗಳಿಗೆ ಸ್ವಲ್ಪವೇ ಸವರಿ, ಹೆಚ್ಚಾದುದನ್ನು ಬಟ್ಟೆಯಿಂದ ಒರಸಿರಿ. ಇದರ ಧೂಳನ್ನೂ ಉಸಿರಾಡಬಾರದು. ಮೇಣ ಹಚ್ಚಿದರೂ ಎಲೆ ಜಾರುತ್ತದೆ, ಆದರೆ ವೇದಿಕೆಯ ದೀಪಗಳ ಕೆಳಗೆ ಹೊಳಪು ಮರಳಿ ಬರುವುದರಿಂದ ನಿಮ್ಮ ಉದ್ದೇಶಕ್ಕೆ ನಾನು ಅದನ್ನು ಒಪ್ಪಲಾರೆ.

ಬಾಗಿದ ಎಲೆಗಳನ್ನು ಒತ್ತುಕಾಗದಗಳ ನಡುವೆ ಇಟ್ಟು, ಭಾರ ಹೇರಿ ಕೆಲವು ದಿನ ಬಿಡಿರಿ. ಬಿಟ್ಟುಕೊಂಡ ಪದರಕ್ಕೆ ಸೂಜಿಯ ತುದಿಯಿಂದ ಪಿವಿಎ ಅಂಟು (ಕಾಗದ, ಮರಕ್ಕೆ ಬಳಸುವ ಬಿಳಿ ಅಂಟು) ಸವರಿ ಒತ್ತಿದರೆ ಕೂಡಿಕೊಳ್ಳುತ್ತದೆ. ಉಬ್ಬಿದ ಅಂಚು ಪೂರ್ತಿ ಇಳಿಯುವುದಿಲ್ಲ, ಅಂಥ ಎಲೆ ಕಲಸುವಾಗ ಕೈಗೆ ತಡೆಯುತ್ತದೆ. ಆದ್ದರಿಂದ ಅದನ್ನು ಮೇಜಿನ ಮೇಲೆ ಮೊದಲೇ ಹರಡಿಟ್ಟಿರುವ ಎಲೆಗಳಲ್ಲಿ ಸೇರಿಸಿಬಿಡಿರಿ. ಹರಿದು ನೋಡಿದ ಹೆಚ್ಚುವರಿ ಎಲೆಯ ಮೇಲೆ ಈಗಿನ ಬಣ್ಣದ ಮಾದರಿಯನ್ನೂ ಮಿಶ್ರಣದ ಪ್ರಮಾಣವನ್ನೂ ಬರೆದಿಟ್ಟುಕೊಳ್ಳಿರಿ. ಪ್ರದರ್ಶನಗಳ ನಡುವೆ ಒಂದು ಎಲೆ ಕಳೆದುಹೋದರೆ ಬದಲಿ ಎಲೆಯನ್ನು ಉಳಿದವಕ್ಕೆ ಹೊಂದಿಸಲು ಅದೇ ಆಧಾರ.